ಎಣಿಸದ ಹಾಳೆಗಳು

‘ಆಗೂದಿಲ್ಲ’ ಎಂದು ಮೊದಲು ಹೇಳಿದವನು ನನ್ನ ಸೋದರಮಾವ, ಅವ್ವನ ತಮ್ಮ. ನಾನೊಂದು ಪುಸ್ತಕ ಬರೆಯುತ್ತೇನೆ ಎಂದು ಮನೆಯಲ್ಲಿ ಬಾಯಿಬಿಟ್ಟ ದಿನ ಅವನು ಅಂಗಳದಲ್ಲಿ ಕೂತು ಟಗರಿನ ಗೊರಸು ಹೆರೆಯುತ್ತಿದ್ದ. ತಲೆ ಎತ್ತಿ ಕೂಡ ನೋಡಲಿಲ್ಲ.

“ಕುರಿ ಕಾಯೋರ ಮನ್ಯಾಗ ಹಾಳಿ ಉಳಿಯೂದಿಲ್ಲ ಬೇ,” ಎಂದ. “ನೀ ಬರಕೋತ ಹೋಗ್ತಿ, ಆಡ ತಿನಕೋತ ಹೋಗತೈತಿ. ಇಬ್ಬರಿಗೂ ಉದ್ಯೋಗ ಆತು.”

ಅವ್ವ ನಕ್ಕಳು, ನಾನೂ ನಕ್ಕೆ. ಆದರೆ ಆ ಮಾತು ಜಾಲಿಮುಳ್ಳಿನ ಹಾಗೆ ಒಳಗೇ ಮುರಿದುಕೊಂಡಿತು. ಮಾಮಾ ಹಗೆಯಿಂದ ಹೇಳಿದ್ದಲ್ಲ, ಕಂಡದ್ದನ್ನು ಹೇಳಿದ್ದ. ನಮ್ಮ ಮನೆಯಲ್ಲಿ ಆವರೆಗೆ ಉಳಿದಿದ್ದ ಕಾಗದಗಳು ಮೂರೇ: ರೇಷನ್ ಕಾರ್ಡು, ಅಪ್ಪನ ಮರಣ ಪತ್ರ, ನನ್ನ ಬಿ.ಎ. ಅಂಕಪಟ್ಟಿ. ಮೂರನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತೊಲೆಗೆ ಕಟ್ಟಿದ್ದರು. ಆಡಿಗೆ ಎಟುಕದಷ್ಟು ಎತ್ತರದಲ್ಲಿ.

ನಾನು ಹತ್ತನೆಯ ತರಗತಿ ಪಾಸಾಗುವುದಿಲ್ಲ ಎಂದೂ ಅವನೇ ಹೇಳಿದ್ದ. ಪಾಸಾದೆ. ಕಾಲೇಜಿಗೆ ಚಿಕ್ಕೋಡಿಗೆ ಹೋದವಳು ಮೂರು ತಿಂಗಳಲ್ಲಿ ತಿರುಗಿ ಬರುತ್ತಾಳೆ ಎಂದಿದ್ದ. ಮೂರು ವರ್ಷಕ್ಕೆ ಪದವಿ ತೆಗೆದುಕೊಂಡು ಬಂದೆ. ಚಿಂಚಲಿ ಹತ್ತಿರದ ನಮ್ಮ ಊರಿನ ನಮ್ಮ ಓಣಿಯಲ್ಲಿ ಕಾಲೇಜಿನ ಬಾಗಿಲು ದಾಟಿದವಳು ನಾನೇ ಮೊದಲು. ಇದನ್ನು ಹೇಳುವಾಗ ನನಗೆ ನಾಚಿಕೆ ಇಲ್ಲ, ಹೆಮ್ಮೆ ಇದೆ. ಈಗ ಕುಡಚಿ ಕಡೆಯ ಒಂದು ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿಯಾಗಿ ಕನ್ನಡ ಕಲಿಸುತ್ತೇನೆ.

ಪುಸ್ತಕ ಬಂದ ಮೇಲೆ ಹುಡುಗ ಹುಡುಗಿಯರು ಫೋನ್ ಮಾಡುತ್ತಾರೆ. ಅಥಣಿಯಿಂದ, ಕಾಗವಾಡದಿಂದ. ನಿಪ್ಪಾಣಿಯ ಒಬ್ಬಳಂತೂ ವಾರಕ್ಕೊಮ್ಮೆ ಕೇಳುತ್ತಾಳೆ: “ಮೇಡಂ, ಬರಿಯೂದು ಹ್ಯಾಂಗ್ರಿ? ಬರದದ್ದು ಅಚ್ಚ ಆಗೂದು ಹ್ಯಾಂಗ್ರಿ?” ನನಗೆ ಗೊತ್ತಿರುವುದು ನನ್ನ ಒಂದು ಪುಸ್ತಕದ ಕಥೆ ಮಾತ್ರ. ಅದನ್ನೇ ಇಲ್ಲಿ ಇದ್ದ ಹಾಗೆ ಹೇಳುತ್ತೇನೆ. ಬೇಕಾದ ಬುದ್ಧಿಯನ್ನು ಅದರೊಳಗಿಂದ ನೀವೇ ಆರಿಸಿಕೊಳ್ಳಬೇಕು.

ಅದಕ್ಕೆ ಮೊದಲು ಒಂದು ಪದ್ಧತಿ ತಿಳಿದಿರಬೇಕು. ನಾವು ಕುರಿ ಎಣಿಸುವುದಿಲ್ಲ. ಎಣಿಸಿದರೆ ಕಡಿಮೆಯಾಗುತ್ತವೆ ಎಂದು ನಂಬಿಕೆ. ಯಾರಾದರೂ “ಎಷ್ಟ ಅದಾವ್ರಿ?” ಎಂದು ಕೇಳಿದರೆ ಅಪ್ಪ “ಅದಾವ್ರಿ ದೇವರ ಕೊಟ್ಟಷ್ಟು” ಎನ್ನುತ್ತಿದ್ದ. ಒಮ್ಮೆ ಲಸಿಕೆ ಹಾಕಲು ಬಂದ ಪಶುವೈದ್ಯರು ಫಾರ್ಮಿನಲ್ಲಿ ಸಂಖ್ಯೆ ಬರೆಯಲೇಬೇಕೆಂದು ಹಟ ಹಿಡಿದರು. ಅಪ್ಪ ಕೈಮುಗಿದು, “ಸಾಹೇಬ್ರ, ನೀವು ಚುಚ್ಚಕೋತ ಹೋಗ್ರಿ, ಮುಗದಾಗ ಮುಗೀತಾವು,” ಎಂದಿದ್ದ. ಡಾಕ್ಟರು ನಗುತ್ತ ಸಿರಿಂಜು ಹಿಡಿದರು. ಕೊನೆಗೆ ಖಾಲಿಯಾದ ಔಷಧದ ಶೀಸೆಗಳಿಂದ ಲೆಕ್ಕ ಹಾಕಿಕೊಂಡು ಹೋದರು.

ಹಾಗಾದರೆ ಸಂಜೆ ಎಲ್ಲವೂ ಬಂದವೆಂದು ತಿಳಿಯುವುದು ಹೇಗೆ? ಅದಕ್ಕೆ ಅವ್ವ ಇದ್ದಾಳೆ. ಮೇಯಿಸಿಕೊಂಡು ಬಂದ ಹಿಂಡು ದೊಡ್ಡಿಯೊಳಗೆ ನುಗ್ಗುವಾಗ ಅವಳು ಬಾಗಿಲಿನ ತಟ್ಟಿಯ ಪಕ್ಕ ನಿಲ್ಲುತ್ತಾಳೆ. ಒಂದರ ಮೇಲೊಂದು ಏರಿ ಬರುವ ಬೆನ್ನುಗಳು, ಧೂಳು, ಮರಿಗಳ ಕೂಗು. ಅವಳ ತುಟಿ ಅಲುಗುವುದಿಲ್ಲ, ಬೆರಳು ಮಡಿಸುವುದಿಲ್ಲ. ಕಡೆಯ ಕುರಿ ಒಳಗೆ ಬಂದ ಮೇಲೆ ಒಂದು ಉಸಿರು ತೆಗೆದುಕೊಂಡು, “ಚುಕ್ಕಿ ಬಂದಿಲ್ಲ,” ಎನ್ನುತ್ತಾಳೆ. ಹೋಗಿ ನೋಡಿದರೆ ಚುಕ್ಕಿ ಎಂಬ ಆ ಕುರಿ ಯಾರದೋ ಕಬ್ಬಿನ ಬದುವಿನಲ್ಲಿ ಒಂಟಿಯಾಗಿ ನಿಂತಿರುತ್ತದೆ.

ಪದವಿ ಓದುವಾಗ ರಜೆಗೆ ಬಂದ ನಾನು ಒಮ್ಮೆ ಕಳ್ಳತನದಿಂದ ಎಣಿಸಿದೆ. ಎರಡು ಸಲ ಎಣಿಸಿದೆ, ಎರಡು ಬೇರೆ ಬೇರೆ ಉತ್ತರ ಬಂತು. ಅಷ್ಟರಲ್ಲಿ ಅವ್ವ, “ಎಲ್ಲಾ ಬಂದಾವು, ತಟ್ಟಿ ಹಾಕು,” ಎಂದು ಒಲೆಯ ಕಡೆ ಹೋಗಿಬಿಟ್ಟಿದ್ದಳು. ಇರುವುದನ್ನು ನೋಡುವುದು ನನಗೆ ಕಾಲೇಜು ಕಲಿಸಿತ್ತು. ಇಲ್ಲದ್ದನ್ನು ನೋಡುವುದು ಯಾವ ವಿದ್ಯೆ ಎಂದು ನನಗೆ ಇಂದಿಗೂ ತಿಳಿದಿಲ್ಲ. ಆಗ ಅದೊಂದು ಸೋಜಿಗ ಅಷ್ಟೇ ಎಂದುಕೊಂಡಿದ್ದೆ. ನನ್ನ ಪುಸ್ತಕವನ್ನು ಉಳಿಸುವುದು ಅದೇ ಎಂದು ಕನಸಿನಲ್ಲೂ ಎಣಿಸಿರಲಿಲ್ಲ.

ಮೊದಲು ಬರೆದದ್ದೆಲ್ಲ ಹಾಳು. ಇದನ್ನು ನೇರವಾಗಿ ಹೇಳಿಬಿಡುತ್ತೇನೆ, ನಿಮಗೂ ಧೈರ್ಯ ಬರಲಿ. ನಾನು ಸಮುದ್ರ ನೋಡಿರಲಿಲ್ಲ, ಸಮುದ್ರದ ದಂಡೆಯ ಹೋಟೆಲಿನಲ್ಲಿ ಕಥೆ ಶುರು ಮಾಡಿದೆ. ಅದರಲ್ಲಿ ಒಬ್ಬ ಹೆಂಗಸು ಕಿಟಕಿಯಲ್ಲಿ ನಿಂತು ಅಲೆಗಳನ್ನು ನೋಡುತ್ತ ಬದುಕಿನ ಬಗ್ಗೆ ವಿಚಾರ ಮಾಡುತ್ತಿದ್ದಳು. ಒಂಬತ್ತು ಹಾಳೆ ವಿಚಾರ ಮಾಡಿದಳು. ನಾನು ಓದಿದ್ದನ್ನು ಅವ್ವ ಕಾಳು ಹಸನು ಮಾಡುತ್ತ ಕೇಳುತ್ತಿದ್ದಳು. ಅವಳಿಗೆ ಅಕ್ಷರ ಬರುವುದಿಲ್ಲ, ಓದಿ ಹೇಳಿದರೆ ಮಾತ್ರ ಉಂಟು.

“ಈಕಿ ಉಣ್ಣೂದಿಲ್ಲೇನ ಬೇ?” ಎಂದಳು.

“ಯಾರು?”

“ಅಕೀನ. ಮುಂಜಾನಿಂದ ಕಿಡಕ್ಯಾಗ ನಿಂತಾಳ. ಒಂದ ತುತ್ತ ರೊಟ್ಟಿ ಇಲ್ಲ, ಒಂದ ಕೊಡ ನೀರ ಇಲ್ಲ. ಮನ್ಯಾಗ ಯಾರೂ ಇಲ್ಲೇನ, ಒಳಗ ಬಾ ಅನ್ನಾಕ?”

ನನಗೆ ಸಿಟ್ಟು ಬಂತು. ಎರಡು ದಿನ ಓದಿ ಹೇಳಲಿಲ್ಲ. ಮೂರನೆಯ ದಿನ ನಾನೇ ಓದಿಕೊಂಡೆ. ನಿಜವಾಗಿ ಆ ಹೆಂಗಸು ಏನೂ ತಿಂದಿರಲಿಲ್ಲ. ಅವಳಿಗೆ ಹೊಟ್ಟೆಯೇ ಇರಲಿಲ್ಲ. ಅಲ್ಲಿಂದ ಮುಂದೆ ನನಗೆ ಗೊತ್ತಿದ್ದ ಹೊಟ್ಟೆಗಳ ಬಗ್ಗೆ ಬರೆಯತೊಡಗಿದೆ: ನಮ್ಮ ಮನೆಯ ಮಂದಿ, ನಮ್ಮ ಹಿಂಡು, ಹೊಳೆದಂಡೆಯ ಹೊಲಗಳು. ಕಬ್ಬು ಕಡಿದ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ಕೂಡಿಸುತ್ತಾರೆ. ರಾತ್ರಿಯಿಡೀ ಹಿಂಡು ಅಲ್ಲೇ ಮಲಗುತ್ತದೆ, ಹೊಲಕ್ಕೆ ಗೊಬ್ಬರ, ನಮಗೆ ಜೋಳ. ಆ ಹೊಲಗಳಲ್ಲಿ ನಾನು ಬೆಳೆದದ್ದು. ಅದು ಯಾರಿಗಾದರೂ ಓದಲು ಬೇಕಾಗುತ್ತದೆಯೇ ಎಂಬ ಸಂಶಯ ಮಾತ್ರ ಕೊನೆಯವರೆಗೂ ಬಿಡಲಿಲ್ಲ. ನಿಮಗೂ ಬಿಡುವುದಿಲ್ಲ. ಅದನ್ನು ಪಕ್ಕದಲ್ಲಿ ಕೂಡಿಸಿಕೊಂಡೇ ಬರೆಯಬೇಕು.

ಶಾಲೆಯಲ್ಲಿ ಪರೀಕ್ಷೆ ಮುಗಿದ ಮೇಲೆ ಉಳಿದ ಪ್ರಶ್ನೆಪತ್ರಿಕೆಗಳ ಹಿಂದಿನ ಮಗ್ಗುಲು ಖಾಲಿ ಇರುತ್ತದೆ. ಅದರ ಮೇಲೆ ಬರೆದೆ. ಬಸ್ಸು ಕಾಯುವಾಗ ಬರೆದೆ, ಖಾಲಿ ಪಿರಿಯಡ್ಡಿನಲ್ಲಿ ಬರೆದೆ, ಭಾನುವಾರ ಬೇವಿನ ಮರದ ಕೆಳಗೆ ಬರೆದೆ. ಬರೆಯಲು ಬೇರೆ ಕೋಣೆ ಬೇಕು, ಮೇಜು ಬೇಕು ಎನ್ನುವವರಿಗೆ ನನ್ನಲ್ಲಿ ಉತ್ತರವಿಲ್ಲ. ಬರೆದ ಹಾಳೆಗಳನ್ನು ಉಣ್ಣೆಯ ದಾರದಿಂದ ಕಟ್ಟಿ ಇಡುತ್ತಿದ್ದೆ.

ಒಂದು ದಿನ ಹಾಳೆಗಳ ಮೂಲೆಯಲ್ಲಿ ಒಂದು, ಎರಡು, ಮೂರು ಎಂದು ಅಂಕಿ ಹಾಕುತ್ತಿದ್ದೆ. ಅವ್ವ ನೋಡಿದಳು.

“ಏನ ಮಾಡಾಕತ್ತಿ?”

“ನಂಬರ ಹಾಕಾಕತ್ತೇನಿ.”

“ಎಣಸಬ್ಯಾಡ ಬೇ,” ಎಂದಳು. “ಇನ್ನೂ ಹುಟ್ಟಾಕತ್ತಾವು.”

ಪದವೀಧರೆಯಾದ ನಾನು ನಕ್ಕೆ. ಆದರೆ ಪೆನ್ನು ಕೆಳಗಿಟ್ಟೆ. ಹಾಕಿದ ಮೂರು ಅಂಕಿಗಳನ್ನೂ ಹೊಡೆದು ಹಾಕಿದೆ. ರಕ್ತದಲ್ಲಿ ಇರುವುದು ಓದಿನಿಂದ ಹೋಗುವುದಿಲ್ಲ ನೋಡಿ. ಇದು ನಾನು ಮಾಡಿದ ದೊಡ್ಡ ತಪ್ಪು. ನೀವು ಮಾಡಬೇಡಿ. ಬರೆದ ದಿನವೇ ಪುಟಕ್ಕೆ ಸಂಖ್ಯೆ ಹಾಕಿ, ಆ ಸಂಜೆಯೇ ಮೊಬೈಲಿನಲ್ಲಿ ಅದರ ಫೋಟೋ ತೆಗೆದಿಡಿ.

ಅಚ್ಚಿನ ದಾರಿಯಲ್ಲೂ ಎಡವಿದೆ. ನನಗೆ ಗೊತ್ತಿದ್ದ ಪ್ರಕಾಶಕರ ವಿಳಾಸ ಒಂದೇ, ನಾನು ಪರೀಕ್ಷೆಗೆ ಓದಿದ ಗೈಡಿನ ಹಿಂದೆ ಇದ್ದದ್ದು. ಮೂರು ಅಧ್ಯಾಯಗಳನ್ನು ಕೈಯಿಂದ ನಕಲು ಮಾಡಿ ಅದೇ ವಿಳಾಸಕ್ಕೆ ಕಳಿಸಿದೆ. ತಿಂಗಳ ಮೇಲೆ ಒಂದು ದಪ್ಪ ಲಕೋಟೆ ಬಂತು. ಒಡೆದರೆ ಒಳಗೆ ಅವರ ಹೊಸ ಗೈಡುಗಳ ಪಟ್ಟಿ. ಮಾಮಾನಿಗೆ ವಾರವಿಡೀ ನಗಲು ಅದು ಸಾಕಾಯಿತು. “ಏನಂತ ಬರದಾರ? ಇನ್ನೊಮ್ಮಿ ಹತ್ತನೇತಾ ಕೂಡ ಅಂತಾರೇನ?” ಎಂದು ಕೇಳಿದ. ತಪ್ಪು ಅವರದಲ್ಲ. ಗೈಡು ಮಾರುವವರ ಅಂಗಡಿಗೆ ಕುರಿ ಹೊಡೆದುಕೊಂಡು ಹೋಗಿದ್ದು ನಾನು. ಯಾವ ಪ್ರಕಾಶಕರಿಗೆ ಕಳಿಸುತ್ತೀರೋ ಅವರು ಮುದ್ರಿಸಿದ ನಾಲ್ಕು ಪುಸ್ತಕಗಳನ್ನಾದರೂ ಮೊದಲು ಓದಿ. ನಿಮ್ಮ ಪುಸ್ತಕ ಆ ನಾಲ್ಕರ ಪಕ್ಕ ಕೂಡುತ್ತದೆಯೇ ನೋಡಿ. ಎರಡನೆಯ ಸಲ ಹಾಗೆ ನೋಡಿಯೇ ಕಳಿಸಿದೆ. ಆ ಪ್ರಕಾಶಕರು ಫೋನು ಮಾಡಿ ಒಳ್ಳೆಯ ಮಾತಿನಲ್ಲೇ ಹೇಳಿದರು: “ಭಾಷೆ ಚೆನ್ನಾಗಿದೆಯಮ್ಮ. ಆದರೆ ಕುರಿಗಳ ಕಥೆ ಯಾರು ಓದ್ತಾರೆ?” ಆ ದಿನ ಉಣ್ಣಲಿಲ್ಲ. ಮರುದಿನ ಉಂಡೆ, ಮತ್ತೆ ಬರೆದೆ.

ಆಮೇಲೆ ಶಾಲೆಯ ಹಿರಿಯ ಮಾಸ್ತರರೊಬ್ಬರು ಪತ್ರಿಕೆಯ ತುಣುಕು ತಂದುಕೊಟ್ಟರು. ಇನ್ನೂ ಒಂದೂ ಪುಸ್ತಕ ಪ್ರಕಟವಾಗದವರಿಗಾಗಿ ಒಂದು ಯೋಜನೆ. ಹಸ್ತಪ್ರತಿ ಆಯ್ಕೆಯಾದರೆ ಪುಸ್ತಕ ಅಚ್ಚಾಗುತ್ತದೆ, ಬರೆದವರಿಗೆ ಸಮಾರಂಭದಲ್ಲಿ ಪ್ರಮಾಣಪತ್ರ. ಟೈಪು ಮಾಡಿಸಿ ಕಳಿಸಬೇಕು. ವಯಸ್ಸಿನ ಮಿತಿ ಇತ್ತು. ಮುಂದಿನ ವರ್ಷ ನನಗೆ ಆ ಮಿತಿ ದಾಟುತ್ತಿತ್ತು. ಅಂದರೆ ಇದೊಂದೇ ಸಲ. ಮಾಮಾ ಹೇಳಿದ್ದು ನಿಜವಾಗುತ್ತದೆಯೋ ಸುಳ್ಳಾಗುತ್ತದೆಯೋ ಎಂಬುದು ಈ ಒಂದು ಕಟ್ಟಿನ ಮೇಲೆ ನಿಂತಿತ್ತು.

ಕೊನೆಯ ದಿನಕ್ಕೆ ಒಂದು ವಾರ ಇರುವಾಗ, ಒಂದು ಭಾನುವಾರ ಮಧ್ಯಾಹ್ನ, ಕಡೆಯದಾಗಿ ತಿದ್ದಲೆಂದು ಅಂಗಳದಲ್ಲಿ ಕಂಬಳಿ ಹಾಸಿ ಕಟ್ಟು ಬಿಚ್ಚಿದೆ. ಬೇಸಿಗೆಯ ಕೊನೆ. ನಮ್ಮ ಕಡೆ ಆ ದಿನಗಳಲ್ಲಿ ಮಳೆಗೆ ಮುಂಚೆ ಗಾಳಿ ಬರುತ್ತದೆ, ಹೇಳದೆ ಕೇಳದೆ ಬರುತ್ತದೆ. ನಾನು ನೀರು ಕುಡಿಯಲು ಒಳಗೆ ಹೋಗಿದ್ದೆ. ಹೊರಗೆ ಮಾಮಾ ಕೂಗಿದ:

“ಏಯ್! ನಿನ್ನ ಹಿಂಡ ಚದರೀತ ಬೇ!”

ಓಡಿ ಬಂದು ನೋಡಿದರೆ ಅಂಗಳದ ತುಂಬ ಬಿಳಿ. ಹಾಳೆಗಳು ದೊಡ್ಡಿಯ ತಟ್ಟಿಗೆ ಬಡಿದು ಅಂಟಿಕೊಂಡಿದ್ದವು, ಬೇವಿನ ಕೊಂಬೆಯಲ್ಲಿ ಸಿಕ್ಕಿದ್ದವು, ಪಕ್ಕದ ಕಬ್ಬಿನೊಳಗೆ ನುಗ್ಗುತ್ತಿದ್ದವು. ಮೂವರೂ ಓಡಿದೆವು. ಮಾಮಾನಿಗೆ ಐವತ್ತು ದಾಟಿದೆ. ಅವನು ಲುಂಗಿ ಮೇಲಕ್ಕೆ ಕಟ್ಟಿ, ಮರಿ ಹಿಡಿಯುವ ಹಾಗೆ ಎರಡೂ ಕೈ ಚಾಚಿ, ಕಬ್ಬಿನ ಸಾಲಿನಲ್ಲಿ ಬಗ್ಗಿ ಬಗ್ಗಿ ಹಿಡಿದು ತಂದ. ಅವನ ಅಂಗೈ ಕಬ್ಬಿನ ಗರಿಯಿಂದ ಗೀರಿ ಹೋಗಿತ್ತು. ಹಾಳೆಗಳನ್ನು ನನ್ನ ಮುಂದೆ ಸುರಿದು, “ತಗೋ ನಿನ್ನ ಸಂಪತ್ತು,” ಎಂದ.

ಸಂಖ್ಯೆ ಇಲ್ಲ. ಒಂದೊಂದನ್ನೇ ಓದಿ, ಹಿಂದಿನ ಹಾಳೆಯ ಕಡೆಯ ಮಾತಿಗೆ ಮುಂದಿನ ಹಾಳೆಯ ಮೊದಲ ಮಾತು ಹೊಂದಿಸಿ ಜೋಡಿಸಿದೆ. ಇಳಿಹೊತ್ತಿಗೆ ಮುಗಿಯಿತು. ಎಲ್ಲ ಸರಿ ಇದೆ ಎನಿಸಿತು. ಬರೆದವಳು ನಾನೇ ತಾನೇ. ನನಗಲ್ಲದೆ ಇನ್ನಾರಿಗೆ ಗೊತ್ತಿರುತ್ತದೆ?

ಮನೆಯ ಹಿಂದಿನ ಬೀಳಿನಲ್ಲಿ ಮೇಯುತ್ತಿದ್ದ ಕುರಿ ಬಂದವು. ತಟ್ಟಿ ಹಾಕಿದ ಮೇಲೆ ಅವ್ವ ಕೈಕಾಲು ತೊಳೆದು ಬಂದು ಕಂಬಳಿಯ ಮೇಲೆ ಕೂತಳು.

“ಓದ. ಎಲ್ಲಾ ಬಂದಾವೋ ಇಲ್ಲೋ ನೋಡೂಣು.”

“ಬಂದಾವ ಬೇ, ನಾ ನೋಡೇನಿ.”

“ನೀ ನೋಡಿದ್ದು ಇರಲಿ. ಓದ.”

ಓದಿದೆ. ಅವ್ವ ಮೊದಲೂ ಎರಡು ಸಲ ಪೂರ್ತಿ ಕೇಳಿದ್ದಳು. ಮಾಮಾ ಮಾತ್ರ ಎಂದೂ ಕೇಳಿರಲಿಲ್ಲ. ನಾನು ಓದಲು ಕೂತರೆ ಸಾಕು, ಅವನಿಗೆ ಹೊರಗೆ ಏನೋ ಕೆಲಸ ನೆನಪಾಗುತ್ತಿತ್ತು. ಆ ದಿನ ಅಂಗೈಗೆ ಅರಿಸಿನ ಎಣ್ಣೆ ಹಚ್ಚಿಕೊಂಡು ಅಲ್ಲೇ ಕಂಬಕ್ಕೆ ಒರಗಿದ್ದ, ಏಳಲಿಲ್ಲ.

ಹೊಳೆ ಊರಿಗೆ ಬಂದ ವರ್ಷದ ಭಾಗ ಬಂತು. ಆಗ ನಾನು ಚಿಕ್ಕೋಡಿಯ ಹಾಸ್ಟೆಲಿನಲ್ಲಿದ್ದೆ. ಅವ್ವ ಮತ್ತು ಮಾಮಾ ಹೊಳೆದಂಡೆಯ ಹೊಲದಿಂದ ಹಿಂಡನ್ನು ಎಬ್ಬಿಸಿಕೊಂಡು, ತುಂಬಿದ ಹಳ್ಳ ದಾಟಿಸಿ, ಕುಡಚಿಯ ರೈಲು ದಾರಿಯ ಏರಿಯ ಮೇಲೆ ಹತ್ತಿಸಿದ್ದರು. ಹಿಂಡಿನಲ್ಲಿ ಕುರುಡಿ ಎಂಬ ಮುದಿ ಕುರಿ ಇತ್ತು. ಎರಡೂ ಕಣ್ಣಿಗೆ ಪೊರೆ. ಮುಂದಿನ ಕುರಿಯ ಬೆನ್ನಿನ ಮೇಲೆ ಗದ್ದ ಇಟ್ಟುಕೊಂಡೇ ಅದು ವರ್ಷಗಟ್ಟಲೆ ನಡೆದಿತ್ತು. ಹಿಂಡು ನೀರಿಗಿಳಿದದ್ದನ್ನು ಓದಿದೆ. ಹಾಳೆ ತಿರುವಿದೆ. ಏರಿಯ ಮೇಲೆ ಬೆಳಗಾದದ್ದನ್ನು ಓದಿದೆ.

ಅವ್ವ ಕೈ ಎತ್ತಿದಳು.

“ಕುರುಡಿ ಬರಲಿಲ್ಲಲ್ಲ.”

“ಆಂ?”

“ನೀರಾಗ ಇಳೀತು. ಮ್ಯಾಲ ಬರಲಿಲ್ಲ. ಮೊದಲ ಓದಿದಾಗ ಬಂದಿತ್ತು.”

ನಾನು ಹಾಳೆಗಳನ್ನು ಹಿಂದೆ ಮುಂದೆ ತಿರುವಿದೆ. ಒಂದು ಇರಲಿಲ್ಲ. ಹಿಂದಿನ ಹಾಳೆ ಪೂರ್ಣವಿರಾಮದಿಂದ ಮುಗಿದಿತ್ತು, ಮುಂದಿನದು ಹೊಸ ವಾಕ್ಯದಿಂದ ಶುರುವಾಗಿತ್ತು. ಹಾಗಾಗಿ ನನ್ನ ಕಣ್ಣು ಸಲೀಸಾಗಿ ದಾಟಿಕೊಂಡು ಹೋಗಿತ್ತು. ಇಲ್ಲದ ಹಾಳೆಯನ್ನು ನನ್ನ ತಲೆಯೇ ತುಂಬಿಸಿಕೊಂಡಿತ್ತು. ಅಕ್ಷರ ಬರೆದ ನನಗೆ ಕಾಣದ್ದು ಅಕ್ಷರ ಬಾರದ ಅವಳಿಗೆ ಕಂಡಿತು. ದೊಡ್ಡಿಯ ಬಾಗಿಲಲ್ಲಿ ದಿನವೂ ನೋಡಿದ ಸೋಜಿಗ ಈಗ ನನ್ನ ಕಾಗದದ ಮೇಲೆ ನಡೆದಿತ್ತು.

ಮಾಮಾ ಎದ್ದು ಹೋಗಿ ಗೂಟಕ್ಕೆ ಕಟ್ಟಿದ ಆಡಿನ ಹತ್ತಿರ ಬಗ್ಗಿ ಹುಡುಕಿದ. ಎರಡು ಬೆರಳಿನಲ್ಲಿ ಒಂದು ಒದ್ದೆ ಚೂರು ಹಿಡಿದು ತಂದ. ನಾನು ಬೆಳಕಿಗೆ ಹಿಡಿದೆ. ಬರೆದ ಕಡೆ ಏನೂ ಉಳಿದಿರಲಿಲ್ಲ. ಹಿಂದಿನ ಮಗ್ಗುಲಲ್ಲಿ ಅಚ್ಚಾದದ್ದು ಮಾತ್ರ ಉಳಿದಿತ್ತು: ‘ಕೆಳಗಿನ ಪ್ರಶ್ನೆಗಳಿಗೆ ಒಂದು ವಾಕ್ಯದಲ್ಲಿ ಉತ್ತರಿಸಿ.’

ಮಾಮಾ ನಗಲಿಲ್ಲ. ಅದರಿಂದಲೇ ನನಗೆ ಹೆಚ್ಚು ಹೆದರಿಕೆಯಾಯಿತು.

“ಏನಿತ್ತ ಅದರಾಗ?” ಎಂದು ಕೇಳಿದ.

“ಕುರುಡಿ ದಾಟಿ ಬಂದದ್ದು. ನೀ ಅದನ್ನ ಹೆಗಲ ಮ್ಯಾಲ ಹೊತಕೊಂಡ ಬಂದದ್ದು.”

“ನಾ ಹೊತಕೊಂಡ?”

“ಹಂಗ ಬರದಿದ್ದೆ. ತುಂಬಿದ ಹಳ್ಳಕ್ಕ ಎದಿ ಕೊಟ್ಟು...”

“ಸುಳ್ಳ!” ಎಂದ ಮಾಮಾ. “ಹೊರಾಕ ಎಲ್ಲಿ ಬರತಿತ್ತು? ಮೈಮ್ಯಾಲಿನ ಉಣ್ಣೆ ನೀರ ಕುಡದು ಕಲ್ಲಾಗಿತ್ತು. ನಾಕ ಮಂದೀಗೂ ಏಳತಿರಲಿಲ್ಲ.”

ನಾನು ಅವ್ವನ ಕಡೆ ತಿರುಗಿದೆ. “ಎರಡ ಸಲ ಕೇಳಿದಿ. ಸುಳ್ಳ ಐತಿ ಅಂತ ಯಾಕ ಹೇಳಲಿಲ್ಲ?”

“ಚಂದ ಇತ್ತಲ್ಲ ಬೇ,” ಎಂದಳು ಅವ್ವ. “ಪುಸ್ತಕದಾಗ ಹಂಗ ಬರೀತಾರೇನೋ ಅಂದಕೊಂಡೆ.”

ಬರೆಯುವ ಮಕ್ಕಳೇ, ಈ ಮಾತನ್ನು ನಾನು ಮರೆಯುವುದಿಲ್ಲ, ನೀವೂ ಮರೆಯಬೇಡಿ. ನಮ್ಮ ಮಂದಿ ಪುಸ್ತಕಕ್ಕೆ ಮರ್ಯಾದೆ ಕೊಟ್ಟು ಸುಮ್ಮನಿರುತ್ತಾರೆ. ಆ ಮೌನವನ್ನು ಮೆಚ್ಚುಗೆ ಎಂದು ತಿಳಿಯಬಾರದು. ಬಾಯಿಬಿಟ್ಟು ಕೇಳಬೇಕು: ಇದು ಹೀಗೇ ಆಗಿತ್ತೇ?

ಕೇಳಿದೆ. ಅವ್ವ ಹೇಳತೊಡಗಿದಳು. “ನಡು ಹಳ್ಳದಾಗ ಸೆಳವ ಬಂತು. ಕುರುಡಿ ಮುಂದಿನ ಕುರಿ ಅತ್ತಾಗ ಸರೀತು. ಉಳದಾವೆಲ್ಲಾ ಮ್ಯಾಲ ಹತ್ತಿದೂವು. ಇದೊಂದ ನಿಂತಬಿಟ್ಟಿತು. ಗದ್ದಾ ಎತ್ತಿ ನಿಂತಿತ್ತ ಬೇ, ಮುಂದ ಬೆನ್ನ ಐತಿ ಅಂತ ತಿಳಕೊಂಡು. ಕುತ್ತಿಗಿ ಮಟಾ ನೀರು. ಗದ್ದಾ ಮಾತ್ರ ಹಂಗ ಎತ್ತಿತ್ತು.”

ಅವ್ವ ತನ್ನ ಗದ್ದವನ್ನು ಸ್ವಲ್ಪ ಮೇಲಕ್ಕೆತ್ತಿ ತೋರಿಸಿದಳು. ನಾನು ಬರೆಯುವುದನ್ನು ನಿಲ್ಲಿಸಿ ನೋಡಿದೆ. ನನ್ನ ಎಲ್ಲಾ ಉಪಮೆಗಳೂ ಆ ಒಂದು ಗದ್ದದ ಮುಂದೆ ಮುಳುಗಿ ಹೋದವು.

“ಮುಂದ?”

“ಮುಂದ ಇವನ್ನ ಕೇಳ. ಇವ ಏರಿ ಹತ್ತಿದಾವ ತಿರಗಿ ಇಳದ.”

ಮಾಮಾ ತನ್ನ ಗೀರಿದ ಅಂಗೈ ನೋಡಿಕೊಳ್ಳುತ್ತಿದ್ದ. ಆಮೇಲೆ ಯಾರಿಗೋ ದಾರಿ ಹೇಳುವವನ ಹಾಗೆ ಸಣ್ಣ ದನಿಯಲ್ಲಿ ಹೇಳಿದ:

“ಅದರ ಮುಂದ ಹೋಗಿ ಬಗ್ಗಿದ್ನಿ. ಕುರೀ ಹಂಗ. ಅದರ ಗದ್ದಾ ಬೆನ್ನಿಗಿ ಹತ್ತಿತು. ಸಾವಕಾಶ ನಡದ್ನಿ. ಅದೂ ನಡೀತು. ಅಷ್ಟ.”

“ಮ್ಯಾಲ ಬಂದ ಅತ್ತ,” ಎಂದಳು ಅವ್ವ.

“ಎಲ್ಲಿ ಅತ್ತೇನಿ? ನೀರ ಬಡದಿತ್ತು ಮಾರಿಗಿ!”

“ಹೌದಪಾ, ಎರಡ ಕಣ್ಣಿಗಷ್ಟ ಬಡದಿತ್ತು.”

“ಅಕ್ಕಾ, ನೋಡ ಮತ್ತ! ಅದನ್ನ ಬರಸಬ್ಯಾಡ.”

ಇಪ್ಪತ್ತು ವರ್ಷ ನನಗೆ ‘ಆಗೂದಿಲ್ಲ, ಆಗೂದಿಲ್ಲ’ ಎಂದು ಚುಚ್ಚಿದ ಮನುಷ್ಯ, ಕುತ್ತಿಗೆಮಟ್ಟದ ನೀರಿನಲ್ಲಿ ಒಂದು ಮುದಿ ಕುರಿಗೆ ಬೆನ್ನಾಗಿ ನಡೆದಿದ್ದ. ಅದನ್ನು ಯಾರಿಗೂ ಹೇಳಿರಲಿಲ್ಲ. ಅದೇ ಮನೆಯಲ್ಲಿ ಉಂಡು, ಅದೇ ಅಂಗಳದಲ್ಲಿ ಬೆಳೆದು, ಪದವಿ ಪಡೆದು, ಅವನ ಬಗ್ಗೆ ಪುಸ್ತಕ ಬರೆಯಲು ಕೂತ ನಾನು ಅವನನ್ನು ಒಂದು ಮಾತು ಕೇಳಿರಲಿಲ್ಲ. ಹೆಗಲ ಮೇಲೆ ಕುರಿ ಹೊರಿಸಿ ಚಿತ್ರದ ಹಾಗೆ ನಿಲ್ಲಿಸಿಬಿಟ್ಟಿದ್ದೆ.

ಮಾಮಾ ಆಡಿನ ಕಡೆ ಗದ್ದ ತೋರಿಸಿ, “ನೋಡ, ಯಾವುದ ಸುಳ್ಳ ಅಂತ ಅದಕ್ಕ ಗೊತ್ತಿತ್ತು. ಅದನ್ನಷ್ಟ ಆರಿಸಿ ತಿಂದೈತಿ,” ಎಂದ.

ಅವರಿಬ್ಬರೂ ಹೇಳಿದ ಹಾಗೆಯೇ ಆ ಹಾಳೆಯನ್ನು ಬರೆದೆ. ಅಳುವಿನ ಮಾತನ್ನು ಮಾಮಾನ ಇಚ್ಛೆಯಂತೆ ‘ಮುಖಕ್ಕೆ ನೀರು ಬಡಿದಿತ್ತು’ ಎಂದೇ ಬರೆದೆ. ಓದುವವರಿಗೆ ತಿಳಿಯುತ್ತದೆ. ಅಂದಿನಿಂದ ಐದು ದಿನ ಉಳಿದ ಹಾಳೆಗಳನ್ನೂ ಅವರ ಮುಂದೆ ಓದಿ, ಇದು ಹೀಗೇ ಇತ್ತೇ ಎಂದು ಕೇಳಿದೆ. ಎಷ್ಟು ಹಾಳೆ ಬದಲಾದವು ಎಂದು ಎಣಿಸಿಲ್ಲ.

ಟೈಪಿಗೆ ಸಮಯ ಸಾಲುತ್ತಿರಲಿಲ್ಲ. ತಿದ್ದಿದಷ್ಟು ಹಾಳೆಗಳನ್ನು ದಿನವೂ ಚಿಕ್ಕೋಡಿ ಬಸ್ ಸ್ಟ್ಯಾಂಡಿನ ಎದುರಿನ ಡಿಟಿಪಿ ಅಂಗಡಿಗೆ ಮುಟ್ಟಿಸಿದೆ, ಈ ಸಲ ಸಂಖ್ಯೆ ಹಾಕಿ. ಅವ್ವ ನೋಡಿದಳು, ಬೇಡ ಅನ್ನಲಿಲ್ಲ. “ಹುಟ್ಟಿ ಮುಗದಾವಲ್ಲ, ಹಾಕ,” ಎಂದಳು. ಅಂಗಡಿಯಲ್ಲಿ ಟೈಪು ಮಾಡುವಾಕೆ ಅರ್ಧ ಕನ್ನಡ ಅರ್ಧ ಮರಾಠಿಯವಳು, ಕೆಲಸದಲ್ಲಿ ಚುರುಕು. ಹಾಳೆಯ ಮೇಲೆ ಕಣ್ಣು, ಕೀಲಿಮಣೆಯ ಮೇಲೆ ಬೆರಳು. ಏನು ಟೈಪು ಮಾಡುತ್ತಿದ್ದೇನೆ ಎಂದು ತಾನು ಎಂದೂ ಗಮನಿಸುವುದಿಲ್ಲವೆಂದು ಅವಳೇ ಹೇಳಿದ್ದಳು. ಕುರುಡಿಯ ಹಾಳೆಯ ನಡುವೆ ಅವಳ ಬೆರಳುಗಳು ನಿಂತವು.

“ಮೇಡಂ, ಇದ ಮ್ಯಾಲ ಬಂತೇನ್ರಿ?”

“ಮುಂದ ಟೈಪ್ ಮಾಡ್ರಿ, ಗೊತ್ತಾಕ್ಕೈತಿ.”

“ಆಧೀ ಸಾಂಗಾ, ಮೊದಲ ಹೇಳ್ರಿ. ಇಲ್ಲಂದ್ರ ನನ್ನ ಕೈ ಓಡೂದಿಲ್ಲ.”

ನನ್ನ ಮೊದಲ ಓದುಗಾರ್ತಿ ಅವಳು. ಕುರಿಗಳ ಕಥೆ ಯಾರು ಓದುತ್ತಾರೆ ಎಂಬ ಪ್ರಶ್ನೆಗೆ ಆ ನಿಂತ ಬೆರಳುಗಳೇ ಉತ್ತರ. ಆ ದಿನ ಬಸ್ಸಿನಲ್ಲಿ ಊರಿಗೆ ಬರುವಾಗ ಕಿಟಕಿಯ ಹೊರಗಿನ ಕಬ್ಬು, ಬದು, ಕರಿಯ ಮಣ್ಣು ಎಲ್ಲವೂ ಈಗಷ್ಟೇ ಯಾರೋ ತೊಳೆದಿಟ್ಟ ಹಾಗೆ ಕಂಡವು.

ಆಮೇಲೂ ಒಂದು ತೊಡಕಾಯಿತು. ಕೊನೆಯ ದಿನದ ಹಿಂದಿನ ದಿನ ಆ ಯೋಜನೆಯ ಕಚೇರಿಯಿಂದ ಫೋನು ಬಂತು. ಕಳಿಸಿದ ಕಡತ ತೆರೆದರೆ ಅಕ್ಷರಗಳ ಬದಲು ಚಿತ್ರವಿಚಿತ್ರ ಗುರುತುಗಳು ಕಾಣುತ್ತಿವೆಯಂತೆ. ನಾವು ಟೈಪು ಮಾಡಿಸಿದ್ದು ‘ನುಡಿ’ ಎಂಬ ತಂತ್ರಾಂಶದ ಹಳೆಯ ಅ‌ಕ್ಷರದಲ್ಲಿ, ಅವರಿಗೆ ಬೇಕಾದದ್ದು ಯೂನಿಕೋಡ್. ಟೈಪಿನಾಕೆ, “ಟೆನ್ಶನ್ ತಗೋಬ್ಯಾಡ್ರಿ,” ಎಂದು ಕೂತು ಮಧ್ಯಾಹ್ನದೊಳಗೆ ಬದಲಾಯಿಸಿ ಕಳಿಸಿದಳು. ನಿಯಮದ ಹಾಳೆಯಲ್ಲಿ ಅದು ಬರೆದಿತ್ತು, ನಾನೇ ಓದಿರಲಿಲ್ಲ. ಪುಸ್ತಕ ಬರೆಯುವವರು ನಿಯಮದ ಹಾಳೆಯನ್ನೂ ಓದಬೇಕು. ಇಷ್ಟು ಸಾದಾ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ, ಅದಕ್ಕೆ ಹೇಳುತ್ತಿದ್ದೇನೆ. ಕಳಿಸಿದ ಮೇಲೆ ದಿನವೂ ಫೋನು ಮಾಡಬೇಡಿ. ಬೇರೆ ಏನಾದರೂ ಬರೆಯಲು ಕೂತುಬಿಡಿ. ಗಬ್ಬದ ಕುರಿಯ ಹೊಟ್ಟೆಯನ್ನು ದಿನವೂ ಮುಟ್ಟಿ ನೋಡಿದರೆ ಮರಿ ಬೇಗ ಬರುವುದಿಲ್ಲ.

ಮಳೆಗಾಲ ಹೋಯಿತು, ಜೋಳ ತೆನೆಗಟ್ಟಿತು. ಒಂದು ಮಧ್ಯಾಹ್ನ ಶಾಲೆಯಲ್ಲಿದ್ದಾಗ ಫೋನು ಬಂತು. ಆಯ್ಕೆಯಾಗಿದೆ ಎಂದರು. ನಾನು ‘ಹೂಂ’ ಎಂದೆ, ಥ್ಯಾಂಕ್ಸ್ ಹೇಳುವುದನ್ನೂ ಮರೆತೆ. ಅಚ್ಚಿಗೆ ಮುಂಚೆ ಕರಡು ತಿದ್ದಲು ಬಂದಾಗ ಮೊದಲು ಕುರುಡಿಯ ಪುಟ ತೆರೆದೆ. ಅಲ್ಲಿತ್ತು. ಕರಿಯ ಅಕ್ಷರದಲ್ಲಿ, ಗದ್ದ ಎತ್ತಿಕೊಂಡು. ಅದು ಸತ್ತು ಆಗಲೇ ಎಷ್ಟೋ ವರ್ಷ. ಬೆರಳಿಟ್ಟು ಮುಟ್ಟಿ ನೋಡಿದೆ. ಅದು ಇನ್ನು ಯಾವ ನೀರಿಗೂ ಸಿಗುವುದಿಲ್ಲ ಎನಿಸಿತು.

ಸಮಾರಂಭಕ್ಕೆ ಅವ್ವನನ್ನು ಕರೆದುಕೊಂಡು ಹೋದೆ. ಮಾಮಾ ಬರಲಿಲ್ಲ. ಹಿಂಡು ಬಿಟ್ಟು ಇಬ್ಬರೂ ಹೇಗೆ ಬರುತ್ತಾರೆ? ಸಭಾಂಗಣದ ತುಂಬ ಜನ, ಉದ್ದುದ್ದ ಭಾಷಣಗಳು. ವೇದಿಕೆಯ ಮೇಲೆ ನನ್ನ ಹೆಸರು ಕರೆದಾಗ ಎದ್ದು ಹೋದದ್ದು ನೆನಪಿಲ್ಲ. ಪ್ರಮಾಣಪತ್ರ ಹಿಡಿದು ಕೆಳಗೆ ಬಂದು ಅವ್ವನ ಪಕ್ಕ ಕೂತೆ. ಹೇಗಿತ್ತು ಎಂದು ಕೇಳಿದೆ.

“ಚಂದ ಆತ ಬೇ,” ಎಂದಳು. ಆಮೇಲೆ ಕಿವಿಯ ಹತ್ತಿರ ಬಂದು, “ಆ ಬೋಳ ತಲಿಯವರು ಮಾತಾಡುವಾಗ ಮೂರ ಮಂದಿ ಎದ್ದ ಹೋಗ್ಯಾರ. ಒಬ್ಬರೂ ತಿರಗಿ ಬಂದಿಲ್ಲ ನೋಡ,” ಎಂದಳು.

ಊರಿಗೆ ಬಂದಾಗ ಹೊತ್ತು ಇಳಿದಿತ್ತು. ಮಾಮಾ ಒಬ್ಬನೇ ಹಿಂಡನ್ನು ದೊಡ್ಡಿಗೆ ಹೊಡೆಯುತ್ತಿದ್ದ. ಅವ್ವ ಹೊಸ ಸೀರೆಯಲ್ಲೇ ಹೋಗಿ ತಟ್ಟಿಯ ಪಕ್ಕ ನಿಂತಳು. ಕಡೆಯ ಕುರಿ ಒಳಗಾಯಿತು. “ಎಲ್ಲಾ ಬಂದಾವು,” ಎಂದಳು. ಮಾಮಾ ತಟ್ಟಿ ಹಾಕಿದ.

ನಾನು ಪ್ರಮಾಣಪತ್ರವನ್ನು ಅವನ ಮುಂದೆ ಹಿಡಿದೆ. “ತಡಿ,” ಎಂದು ಹೋಗಿ ಕೈ ತೊಳೆದು, ತಲೆಯ ರುಮಾಲಿನಿಂದ ಒರೆಸಿಕೊಂಡು ಬಂದ. ಆಗ ತಾನೇ ಹುಟ್ಟಿದ ಮರಿಯನ್ನು ಹಿಡಿಯುವ ಹಾಗೆ ಎರಡೂ ಅಂಗೈ ಚಾಚಿದ. ಕಬ್ಬಿನ ಗರಿಯ ಗೀರುಗಳು ಬಿಳಿ ಗೆರೆಗಳಾಗಿ ಉಳಿದಿದ್ದವು. ನಾನು ಆ ಅಂಗೈಗಳ ಮೇಲೆ ಇಟ್ಟೆ. ಅದರಲ್ಲಿದ್ದದ್ದನ್ನೆಲ್ಲ ಓದಿ ಹೇಳಿದೆ: ನನ್ನ ಹೆಸರು, ಅಪ್ಪನ ಹೆಸರು, ಊರು, ಪುಸ್ತಕ.

“ಕುರುಡೀದು ಐತೇನ ಇದರಾಗ?” ಎಂದು ಕೇಳಿದ.

“ಇದರಾಗಿಲ್ಲ ಮಾಮಾ. ಪುಸ್ತಕದಾಗ ಐತಿ.”

ಅವನು ತಲೆಯಾಡಿಸಿದ. ಕಾಗದವನ್ನು ಹಾಗೇ ಹಿಡಿದು ಬಹಳ ಹೊತ್ತು ನೋಡಿದ. ಅಕ್ಷರ ಬಾರದವರು ನೋಡುವ ರೀತಿಯಲ್ಲಿ, ಇಡೀ ಕಾಗದವನ್ನು ಒಂದೇ ಸಲಕ್ಕೆ. ಆಮೇಲೆ ಗೂಟದ ಕಡೆ ಒಮ್ಮೆ ನೋಡಿ, ನನಗೆ ಹಿಂದಿರುಗಿ ಕೊಡುತ್ತ ಹೇಳಿದ:

“ತೊಲಿಗೆ ಕಟ್ಟ ಬೇ ಇದನ್ನ, ಎತ್ತರಕ್ಕ. ಮನ್ಯಾಗ ಆಡ ಐತಿ.”